ಎರಡು ಎತ್ತರ

ಅಕ್ಷರಕ್ಕೆ ಹದಿನೈದು ರೂಪಾಯಿ, ನನ್ನ ರೇಟು.
ಒತ್ತಿಗೆ ಬೇರೆ ಹಿಡಿಯುವುದಿಲ್ಲ, ಕೊಂಬಿಗೂ ಇಲ್ಲ.
ಕುಂಬಳೆ ಸ್ಟೇಷನ್ನಿನಿಂದ ಗುಡ್ಡೆಯ ನೀರಿನ ಟಾಂಕಿಯವರೆಗೆ
ಹನ್ನೊಂದು ಬೆಂಚು,
ಒಂಬತ್ತರ ಬೆನ್ನಿಗೆ ಉಳಿ ಇಟ್ಟವನು ನಾನೇ.

ಈಗ ಸಕ್ಕರೆ ಕಾಯಿಲೆಗೆಂದು ನಡೆಯುತ್ತೇನೆ
ಬೆಳಿಗ್ಗೆ, ಮಂಗಳೂರಿನ ಲೋಕಲ್ಲು ಕೂಗಿದ ಮೇಲೆ,
ಬೆನ್ನಿಗೆ ಕಡಲು, ಮುಂದೆ ಏರು,
ಬೆಂಚಿನಿಂದ ಬೆಂಚಿಗೆ ಉಸಿರು ಅಳೆಯುತ್ತ.

ಮೊದಲನೆಯದು ದಿ. ಐತಪ್ಪ ಬೆಳ್ಚಡ.
ಎರಡನೆಯದು ಮರ್ಹೂಂ ಅಂದುಂಞಿ ಹಾಜಿ.
ಞ ಕೆತ್ತುವುದು ಸುಲಭವಲ್ಲ ಮಾರಾಯರೇ.
ಬೇರೆ ಊರುಗಳಲ್ಲಿ ವರ್ಣಮಾಲೆಯ ಪಟದಲ್ಲಿ
ಸುಮ್ಮನೆ ಕೂತು ಉಣ್ಣುವ ಅಕ್ಷರ
ನಮ್ಮಲ್ಲಿ ಬೆವರು ಸುರಿಸಿ ದುಡಿಯುತ್ತದೆ:
ಮಮ್ಮುಂಞಿ, ಕುಞಂಬು, ಕುಞಿಪ್ಪೆಣ್ಣು,
ಸತ್ತ ಮೇಲೂ ಅದಕ್ಕೆ ರಜೆಯಿಲ್ಲ.

ಕುಞಂಬು ಮಾಸ್ಟರ ಬೆಂಚಿಗೆ
ಯಾವ ಲಿಪಿ ಮೇಲೆ, ಯಾವುದು ಕೆಳಗೆ ಎಂದು
ಮಕ್ಕಳಿಬ್ಬರಿಗೆ ಮೂರು ತಿಂಗಳು ಮಾತಿರಲಿಲ್ಲ.
ಕೊನೆಗೆ ಒರಗುವಲ್ಲಿ ಮಲಯಾಳ ಬರೆದೆ, ಕೂರುವಲ್ಲಿ ಕನ್ನಡ.
ಜನ ಕನ್ನಡದ ಮೇಲೆ ಕೂರುತ್ತಾರೆ,
ಮಲಯಾಳಕ್ಕೆ ಒರಗುತ್ತಾರೆ,
ನೋಡುವುದು ಕಡಲನ್ನು.

ಐದನೆಯದರ ಹತ್ತಿರ ಬೇಗ ದಾಟುತ್ತೇನೆ.
ಲಿಲ್ಲಿ ಕ್ರಾಸ್ತಾಳಿಗೆ ಒತ್ತು ಬಿಟ್ಟಿದ್ದೆ.
ಪುಟ್ಟಿ ಹಚ್ಚಿ ಸರಿ ಮಾಡುತ್ತೇನೆ ಎಂದಾಗ ಗಂಡ ಹೇಳಿದರು:
ಬೇಡ, ಮನೆಯಲ್ಲಿ ನಾನು ಲಿಲಿ ಎಂದೇ ಕರೆಯುತ್ತಿದ್ದೆ.
ಸುಳ್ಳು ಇರಬೇಕು.
ಹದಿನೈದು ರೂಪಾಯಿಯನ್ನೂ ಹಿಡಿದಿರಲಿಲ್ಲ.

ತಿರುವಿನಲ್ಲಿ ಹೊರೆಗಲ್ಲು ಉಂಟು.
ಮುರಕಲ್ಲಿನ ಎರಡು ಕಂಬ, ಮೇಲೊಂದು ಕರಿಚಪ್ಪಡಿ.
ಅದನ್ನು ತೆಗೆದು ಅಲ್ಲೇ ಬೆಂಚು ಹಾಕಿಸಬೇಕು,
ಅಪ್ಪನ ಹೆಸರು ಚಂದ ಮಾಡಿ ಬರೆ, ಎಂದಿದ್ದರು ಮೆಂಬರು.
ಇಪ್ಪತ್ತಮೂರು ಅಕ್ಷರ. ಮುಂಗಡವೂ ಕಿಸೆಯಲ್ಲಿತ್ತು.

ಅಳೆಯಲು ಹೋದ ದಿನ ಲಚ್ಚು ಮರಕಾಲ್ತಿ
ಕೊಯಿಪ್ಪಾಡಿ ಕಡಪ್ಪುರದಿಂದ ಏರಿ ಬಂದಳು.
ತಲೆಯಲ್ಲಿ ಸಿಂಬೆ, ಸಿಂಬೆಯ ಮೇಲೆ ಬೂತಾಯಿ,
ಅಲ್ಯುಮಿನಿಯಂ ಬುಟ್ಟಿಯಿಂದ ಕಿವಿಯ ಮೇಲೆ ತೊಟ್ಟಿಕ್ಕುವ ಮಂಜುಗಡ್ಡೆ.
ಬಗ್ಗಲಿಲ್ಲ. ಯಾರನ್ನೂ ಕೂಗಲಿಲ್ಲ.
ಕುತ್ತಿಗೆ ಚೂರು ಓರೆ ಮಾಡಿದಳು
ಬುಟ್ಟಿ ತಾನಾಗಿ ಚಪ್ಪಡಿಗೆ ಸರಿಯಿತು.

ಇಲ್ಲಿ ಬೆಂಚು ಬರುತ್ತದೆ, ಕೂರಬಹುದು, ಎಂದೆ.
ಕೂತರೆ ಮತ್ತೆ ಎತ್ತಿಕೊಡಲು ನೀವು ಬರ್ತೀರಾ? ಎಂದಳು.

ಟೇಪು ಹಿಡಿದೆ. ಚಪ್ಪಡಿ ನಾಲ್ಕು ಅಡಿ ಎಂಟಿಂಚು.
ನನ್ನ ಬೆಂಚುಗಳೆಲ್ಲ ಒಂದೂವರೆ ಅಡಿ.
ಇಷ್ಟು ವರ್ಷ ಕೂರುವವರಿಗೇ ಬರೆದೆ.

ಯಾರ ಕಲ್ಲು ಇದು ಅಂತ ಗೊತ್ತುಂಟಾ?
ಎಂಟು ತಿಂಗಳ ಬಸುರಿಯದ್ದಂತೆ, ಅಜ್ಜಿ ಹೇಳಿದ್ದು.
ಹೊತ್ತದ್ದನ್ನು ಇಳಿಸಲಾಗದೆ ಹೋದವಳು.
ಉಳಿದವರಾದರೂ ಇಳಿಸಲಿ ಅಂತ ಮನೆಯವರು ನೆಟ್ಟದ್ದು.
ಹೆಸರು?
ಅದು ಅಜ್ಜಿಗೂ ಗೊತ್ತಿರಲಿಲ್ಲ.

ಕೈಯಾಡಿಸಿ ಹುಡುಕಿದೆ. ಉಳಿಯ ಗೀರೊಂದಿಲ್ಲ.
ನಡುವಿಗೆ ಬುಟ್ಟಿಗಳು ಸವೆಸಿದ ತಗ್ಗು,
ಅದರಲ್ಲಿ ಒಂದಿಷ್ಟು ಮೀನಿನ ನೀರು, ಒಂದು ಹುರುಪೆ.
ಕಂಬಕ್ಕೆ ಮಾತ್ರ ಕೆಂಪು ಪೇಂಟಿನಲ್ಲಿ ಸರ್ವೆಯವರ ನಂಬರು,
ವಕ್ರವಕ್ರವಾಗಿ, ಬಿಟ್ಟಿ ಬರೆದದ್ದು.

ಮುಂಗಡ ಹಿಂದೆ ಕೊಟ್ಟೆನೋ ಎಂದು ಕೇಳಬೇಡಿ.
ಮಗಳ ಫೀಸು ಕಟ್ಟಿ ಆಗಿತ್ತು.
ತಿರುವಿನಿಂದ ಆಚೆ, ಗೇರುಮರದ ಬುಡ ತೋರಿಸಿ
ಇಲ್ಲಿಂದ ಕಡಲು ಇನ್ನೂ ಚಂದ ಕಾಣುತ್ತದೆ ಎಂದೆ ಮೆಂಬರಿಗೆ.
ಯೋಚಿಸುತ್ತೇನೆ ಎಂದಿದ್ದಾರೆ.

ಇವತ್ತೂ ಏರಿ ಬಂದೆ.
ಉಳಿ, ಸುತ್ತಿಗೆ, ಮಾತ್ರೆಯ ಡಬ್ಬಿ ಇದ್ದ ಚೀಲವನ್ನು
ಹೆಗಲಿಂದ ಹಾಗೆಯೇ ಚಪ್ಪಡಿಗೆ ಜಾರಿಸಿದೆ.
ಲಚ್ಚು ಸಿಂಬೆ ಸರಿಮಾಡಿಕೊಳ್ಳುತ್ತ ಹೇಳಿದಳು,
ಸ್ವಲ್ಪ ಆಚೆ ಸರಿಸಿ ನಿಮ್ಮ ಕಬ್ಬಿಣ,
ಹಿಂದೆ ಇನ್ನಿಬ್ಬರು ಬರ್ತಾ ಇದ್ದಾರೆ.